ಮೂಗಿನ ತುದಿಯ ಗುಳ್ಳೆ

(ಸಿರಿಗೆರೆ. ಸೆಪ್ಟೆಂಬರ್ 24. 1992ರಲ್ಲಿ ಇದೇ ದಿನ ಲಿಂಗೈಕ್ಯರಾದ ಹಿರಿಯ ಜಗದ್ಗುರು ಶಿವಕುಮಾರ ಶಿವಾಚಾರ್ಯ ಸ್ವಾಮೀಜಿಯವರ ಶ್ರದ್ಧಾಂಜಲಿ. ದಾಸೋಹ ಮುಗಿಸಿದ ಜನ ಬಸ್ಸಿಗೆ ಓಡುತ್ತಿರುವ ಹೊತ್ತು. ಮಠಕ್ಕೆ ಹತ್ತಿರದ ಬೀದಿಯ ಒಂದು ಪಡಸಾಲೆಯಲ್ಲಿ ಇಬ್ಬರು: ಇಲ್ಲೇ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು, ಅವರ ಹತ್ತಿರ ಓದಿ ಈಗ ದಾವಣಗೆರೆಯಲ್ಲಿ ಕಣ್ಣಿನ ಡಾಕ್ಟರಾಗಿರುವ ಹೆಣ್ಣುಮಗಳು.)

— ಫ್ಯಾನ್ ಆಫ್ ಮಾಡ್ತೀನಿ ಕಣಮ್ಮ, ಬೇಜಾರು ಮಾಡ್ಕೋಬೇಡ. ಸೆಕೆ ಅನ್ನಿಸಿದ್ರೆ ಬೀಸಣಿಗೆ ಅಲ್ಲಿದೆ.

— ಗಾಳಿ ತಾಗಿದ್ರೆ ಇನ್ನೂ ಉರಿಯುತ್ತಾ ಮೇಷ್ಟ್ರೇ?

— ಬರೀ ಉರಿಯಾಗಿದ್ರೆ ತಡ್ಕೋತಿದ್ದೆ. ಹುಬ್ಬಿನ ಮೇಲೆ ಗರಗಸ ಆಡಿಸಿದ ಹಾಗೆ. ಬಾಚಣಿಗೆ ಸೋಕೋ ಹಾಗಿಲ್ಲ, ಮಫ್ಲರ್ ಕಟ್ಟೋ ಹಾಗಿಲ್ಲ. ಮೊಮ್ಮಗಳು ಓಡಿ ಬಂದು ಹಣೆಗೊಂದು ಮುತ್ತು ಕೊಟ್ಟಳು ಅಂದ್ರೆ ಜೀವ ಹೋಗುತ್ತೆ. ಇನ್ನೊಂದು ವಿಚಿತ್ರ ನೋಡು, ಅಂಗೈ ಇಟ್ಟು ಗಟ್ಟಿಯಾಗಿ ಒತ್ತಿದ್ರೆ ಏನೂ ಆಗಲ್ಲ. ಮೆಲ್ಲಗೆ ಸೋಕಿದ್ರೇ ಸತ್ತೆ. ಇದ್ಯಾವ ನ್ಯಾಯ?

— ಎಷ್ಟು ತಿಂಗಳಾಯ್ತು?

— ಕಾರ್ತಿಕದಲ್ಲಿ ಬಂದದ್ದು. ಹತ್ತು ತಿಂಗಳು ತುಂಬಿತು. ಒಂದು ಹೆರಿಗೆ ಆಗಿ ಬಾಣಂತನ ಶುರುವಾಗೋ ಹೊತ್ತು.

— ನನಗೊಂದು ಫೋನ್ ಮಾಡಬಾರದಿತ್ತಾ ಮೇಷ್ಟ್ರೇ? ದೂರವೇನಿಲ್ಲ.

— ಸಣ್ಣ ಗುಳ್ಳೆಗೆಲ್ಲಾ ಡಾಕ್ಟರಮ್ಮನಿಗೆ ಫೋನ್ ಮಾಡೋದಾ ಅಂದ್ಕೊಂಡೆ. ಆಮೇಲೆ ಕಣ್ಣು ಕೆಂಪಾದಾಗ ಮಗ ಎಲ್ಲಿಗೆ ಕರ್ಕೊಂಡು ಹೋದ್ನೋ ಅಲ್ಲಿಗೆ ಹೋದೆ. ಮರ್ಯಾದೆಯ ಪ್ರಶ್ನೆ ಬೇರೆ. ನಿನಗೆ ವಿಜ್ಞಾನ ಹೇಳಿಕೊಟ್ಟವನು ನಾನು. ಹಣೆ ತುಂಬ ಕೆಮ್ಮಣ್ಣು ಮೆತ್ತಿಕೊಂಡು ನಿನ್ನ ಮುಂದೆ ಹೆಂಗೆ ಕೂರಲಿ?

— ಅಂದ್ರೆ ಬರೆಸ್ಕೊಂಡ್ರಾ?

— ಬರೆಸ್ಕೊಂಡೆ.

— ಸರಿ. ಮಠದ ನ್ಯಾಯಪೀಠದಲ್ಲಿ ಸೋಮವಾರ ಕೇಸು ಕೇಳ್ತಾರಲ್ಲ, ಹಾಗೆ ತಾರೀಖು ಪ್ರಕಾರ ಹೇಳಿ. ಮೊದಲನೇ ದಿನ ಏನಾಯ್ತು?

— ಮೊದಲನೇ ದಿನ ಗುಳ್ಳೆ ಇಲ್ಲ, ಏನೂ ಇಲ್ಲ. ಎಡಗಡೆ ಹಣೆ, ಹುಬ್ಬು, ನೆತ್ತಿಯ ತನಕ ಚುಳುಕು. ಅರೆತಲೆನೋವು ಅಂದ್ಕೊಂಡೆ. ಮೆಡಿಕಲ್ ಶಾಪಿನ ಹುಡುಗ ಒಂದು ಮಾತ್ರೆ ಕೊಟ್ಟ. ಎರಡನೇ ದಿನ ಇನ್ನೂ ಜೋರು, ದಿಂಬಿಗೆ ತಲೆ ಇಡೋಕಾಗ್ಲಿಲ್ಲ. ಮೂರನೇ ದಿನ ಬೆಳಗ್ಗೆ ಮುಖ ತೊಳೆಯುವಾಗ ಕೈಗೆ ಸಿಕ್ಕಿದ್ವು, ಸಾಬೂದಾನಿ ಕಾಳಿನಷ್ಟು ನೀರ್ಗುಳ್ಳೆ, ಗೊಂಚಲು ಗೊಂಚಲು. ಪಕ್ಕದ ಮನೆಯಾಕೆ ಕಂಡ ತಕ್ಷಣ, ‘ಮೇಷ್ಟ್ರೇ, ಸರ್ಪಸುತ್ತು, ಸುಮ್ನೆ ಕೂರಬೇಡಿ’ ಅಂದ್ರು. ಸಂಜೆ ಹೊತ್ತಿಗೆ ಬರೆಯೋನ ಮನೆ ಮುಂದೆ ಇದ್ದೆ.

— ಅವನು ಏನು ಮಾಡಿದ?

— ಕೆಮ್ಮಣ್ಣನ್ನ ಕಲ್ಲ ಮೇಲೆ ನೀರು ಹಾಕಿ ತೇದ, ಗರಿಕೆ ಹುಲ್ಲಿನ ತುದಿಯಲ್ಲಿ ಅದ್ದಿ ಗುಳ್ಳೆಯ ಸುತ್ತ ಗೆರೆ ಬರೆದ. ತಲೆ ಒಂದು ಕಡೆ, ಬಾಲ ಒಂದು ಕಡೆ. ಬಾಯಲ್ಲಿ ಏನೋ ಗುನುಗುತ್ತಿದ್ದ. ನಿಜ ಹೇಳ್ತೀನಿ, ತಣ್ಣಗಿತ್ತು. ಮೂರು ದಿನದಲ್ಲಿ ಮೊದಲ ಸಲ ಹಾಯ್ ಅನ್ನಿಸಿತು. ದುಡ್ಡು ಮುಟ್ಟಲಿಲ್ಲ, ಎಲೆ ಅಡಿಕೆ, ಒಂದು ತೆಂಗಿನಕಾಯಿ, ಅಷ್ಟೇ. ಮನೇಲಿ ಒಗ್ಗರಣೆ ವಾಸನೆ ಬರಬಾರದು ಅಂದ. ನಮ್ಮವಳು ಒಂದು ವಾರ ಬರೀ ಮೊಸರನ್ನ, ಗಂಜಿ ಹಾಕಿ ನನ್ನ ಮೇಲೆ ಸೇಡು ತೀರಿಸ್ಕೊಂಡಳು.

— ಮೂಗಿನ ಮೇಲೆ?

— ಏನು?

— ಮೂಗಿನ ತುದಿಯಲ್ಲಿ ಗುಳ್ಳೆ ಇತ್ತಾ ಅಂತ.

— ಇತ್ತು ನೋಡು! ನಾಲ್ಕನೇ ದಿನ ಒಂದೇ ಒಂದು, ತುದಿಗೆ ಸರಿಯಾಗಿ. ನಮ್ಮವಳು ನಕ್ಕಿದ್ದಳು, ಮೂಗುತಿ ಹಾಕ್ಕೊಂಡಿದೀರಿ ಅಂತ.

— ಆ ಮೂಗುತಿ ಕಂಡ ದಿನವೇ ನೀವು ದಾವಣಗೆರೆ ಬಸ್ಸು ಹತ್ತಬೇಕಿತ್ತು. ಜೊನಾಥನ್ ಹಚಿನ್ಸನ್ ಅಂತ ಲಂಡನ್ನಿನ ಸರ್ಜನ್ ಒಬ್ಬರು, 1860ರ ದಶಕದಲ್ಲೇ ಬರೆದಿಟ್ಟು ಹೋಗಿದ್ದಾರೆ: ಸರ್ಪಸುತ್ತಿನಲ್ಲಿ ಮೂಗಿನ ತುದಿಗೆ ಗುಳ್ಳೆ ಬಂದ್ರೆ ಕಣ್ಣಿಗೆ ಅಪಾಯ ಅಂತ. ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಹೋಗೋದು ಒಂದೇ ನರದ ಕವಲು. ಕಾಲುವೆಯ ಕೊನೆಯ ತೂಬಿನಲ್ಲಿ ನೀರು ಬಂತು ಅಂದ್ರೆ ಮಧ್ಯದ ಗದ್ದೆಗೂ ಬಂದಿದೆ ಅಂತ ತಾನೆ? ಹಾಗಂತ ಮೂಗಲ್ಲಿ ಇಲ್ಲ ಅಂದ್ರೆ ಕಣ್ಣಿಗೆ ಏನೂ ಆಗಲ್ಲ ಅಂತ ಕೂರೋ ಹಾಗೂ ಇಲ್ಲ. ಹಣೆ, ರೆಪ್ಪೆ, ಮೂಗು, ಎಲ್ಲಿ ಬಂದ್ರೂ ಒಂದು ಸಲ ತೋರಿಸಲೇಬೇಕು.

— ನಾನು ಹೋದದ್ದು ಏಳನೇ ದಿನ. ಕಣ್ಣು ಕೆಂಡ. ಬಾಗಿಲು ತೆಗೆದ್ರೆ ಬೆಳಕು ಚಾಕು ಹಾಕಿದ ಹಾಗೆ. ಅಲ್ಲಿ ನೋಡಿದ ಡಾಕ್ಟರು ಕಣ್ಣಿನ ಪ್ರೆಷರ್ 34 ಇದೆ ಅಂದ್ರು. ಬಿ.ಪಿ. ಕಣ್ಣಿಗೂ ಬರುತ್ತಾ ಅಂತ ಆಶ್ಚರ್ಯ ಆಯ್ತು.

— ಅದೇ ಬೇರೆ, ಇದೇ ಬೇರೆ. ಕಣ್ಣೊಳಗೆ ನೀರು ಹುಟ್ಟಿ ಜರಡಿಯಂಥ ಒಂದು ಜಾಗದಿಂದ ಆಚೆ ಹೋಗ್ತಿರುತ್ತೆ. ಆ ಜರಡಿಗೇ ಉರಿಯೂತ ಆದ್ರೆ ನೀರು ಕಟ್ಟಿಕೊಳ್ಳುತ್ತೆ. ಸಾಮಾನ್ಯಕ್ಕೆ 10ರಿಂದ 21ರೊಳಗೆ ಇರಬೇಕು. ಹಾಗೇ ಬಿಟ್ಟಿದ್ರೆ ಹಿಂದಿನ ನರ ಒಣಗಿಹೋಗ್ತಿತ್ತು.

— ಉರಿಯೂತ. ಪಠ್ಯಪುಸ್ತಕದಲ್ಲಿ ಎಷ್ಟೋ ಸಲ ಓದಿಸಿದ್ದೆ ಆ ಪದವನ್ನ. ಉರಿ, ಊತ. ಮೈಮೇಲೆ ಬಂದ ಮೇಲೇ ಅದನ್ನ ಬಿಡಿಸಿ ಓದಿದ್ದು. ಈಗ ನನಗೊಂದು ಪ್ರಶ್ನೆ. ಮೇಷ್ಟ್ರು ನೀನು, ವಿದ್ಯಾರ್ಥಿ ನಾನು.

— ಕೇಳಿ.

— ಇದು ಬಂದದ್ದು ಎಲ್ಲಿಂದ? ಯಾವ ಹಾವನ್ನೂ ನಾನು ತುಳಿದಿಲ್ಲ, ಹುತ್ತ ಅಗೆದಿಲ್ಲ. ಮನೇಲಿ ಯಾರಿಗೂ ಇರಲಿಲ್ಲ.

— ನಿಮಗೆ ಚಿಕ್ಕವರಿದ್ದಾಗ ಅಮ್ಮ ಆಗಿತ್ತಾ?

— ಮೂರನೇ ಕ್ಲಾಸಿನಲ್ಲಿ. ಸೀತಾಳೆ ಸಿಡುಬು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ರು, ಕೆರೆಯೋಕೂ ಬೇವಿನ ಕಡ್ಡಿಯೇ. ಒಂಬತ್ತನೇ ದಿನ ತಲೆಗೆ ನೀರು ಹಾಕಿ, ಮಾರಮ್ಮನ ಗುಡಿಗೆ ಮೊಸರನ್ನ ಕೊಟ್ಟು, ಅಮ್ಮನ್ನ ಊರಾಚೆ ಕಳಿಸಿ ಬಂದ್ರು.

— ಕಳಿಸಿದ್ದು ಮೈಮೇಲಿನದನ್ನ ಮಾತ್ರ. ಒಳಗಿನದು ಹೋಗಲಿಲ್ಲ. ಚರ್ಮದಲ್ಲಿದ್ದ ವೈರಸ್ಸು ನರ ಹಿಡಿದು ಹಿಂದಕ್ಕೆ ಹತ್ತಿ, ನರಗಳ ಬುಡದಲ್ಲಿ ಗಂಟುಗಳಿರ್ತಾವಲ್ಲ, ಅಲ್ಲಿ ಕೂತುಬಿಡ್ತು. ಬೆನ್ನುಹುರಿಯ ಉದ್ದಕ್ಕೂ ಅಂಥ ಗಂಟುಗಳಿವೆ. ಮುಖದ್ದು ತಲೆಬುರುಡೆಯ ಒಳಗೆ, ಟ್ರೈಜೆಮಿನಲ್ ನರದ ಬುಡದಲ್ಲಿ. ಅರವತ್ತು ವರ್ಷ ಅಲ್ಲೇ ಇತ್ತು. ಸತ್ತಿರಲಿಲ್ಲ, ಬದುಕಿದ ಸುಳಿವೂ ಕೊಡಲಿಲ್ಲ. ನಿಮ್ಮ ರಕ್ತದಲ್ಲಿ ಕಾವಲಿನ ಕಣಗಳಿದ್ವು, ಅವು ಗದರಿಸಿ ಕೂರಿಸಿದ್ವು. ವಯಸ್ಸಾದ ಹಾಗೆ ಕಾವಲುಗಾರನಿಗೆ ತೂಕಡಿಕೆ. ಸಕ್ಕರೆ ಕಾಯಿಲೆ, ಕ್ಯಾನ್ಸರಿನ ಔಷಧಿ, ತಿಂಗಳುಗಟ್ಟಲೆ ಸ್ಟೀರಾಯ್ಡ್ ಮಾತ್ರೆ, ಹೆಚ್.ಐ.ವಿ., ಯಾವುದಾದ್ರೂ ಸೇರಿದ್ರೆ ಇನ್ನೂ ಬೇಗ. ವಯಸ್ಸಿನ ಹುಡುಗರಿಗೆ ಸರ್ಪಸುತ್ತು ಬಂದ್ರೆ ನಾವು ಸಕ್ಕರೆ, ಹೆಚ್.ಐ.ವಿ. ಎರಡೂ ಪರೀಕ್ಷೆ ಮಾಡಿಸಿ ಅನ್ನೋದು ಅದಕ್ಕೇ.

— ಅಂದ್ರೆ ಅಮ್ಮ ಹೋಗಲೇ ಇಲ್ಲ. ನಾವೇ ಮೊಸರನ್ನ ಕೊಟ್ಟು ಬಂದ್ವಿ, ಅವಳು ಹಿಂಬಾಗಿಲಿಂದ ಒಳಗೆ ಬಂದು ಅಟ್ಟ ಹತ್ತಿದ್ದಳು. ಇದನ್ನ ಕಂಡುಹಿಡಿದವರು ಯಾರು? ಅಟ್ಟದ ಮೇಲಿರೋದು ಅವಳೇ ಅಂತ?

— ಬಹಳ ಜನ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಬುಡಾಪೆಸ್ಟಿನ ಮಕ್ಕಳ ಡಾಕ್ಟರು ಬೋಕಾಯ್, ಮನೆಯ ಹಿರಿಯರಿಗೆ ಸರ್ಪಸುತ್ತು ಆದ ಮೇಲೆ ಮಕ್ಕಳಿಗೆ ಸೀತಾಳೆ ಆಗೋದನ್ನ ಗಮನಿಸಿದ್ರು. 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡರಲ್ಲೂ ಇರೋದು ಒಂದೇ ವೈರಸ್ಸು ಅಂತ ತೋರಿಸಿದ್ರು. ಆದ್ರೆ ನಿಮಗೆ ಇಷ್ಟ ಆಗೋನು ಇವರ್ಯಾರೂ ಅಲ್ಲ. ಎಡ್ಗರ್ ಹೋಪ್-ಸಿಂಪ್ಸನ್ ಅಂತ, ಇಂಗ್ಲೆಂಡಿನ ಸೈರನ್‌ಸೆಸ್ಟರ್ ಅನ್ನೋ ಸಣ್ಣ ಊರಿನ ಡಾಕ್ಟರು. ಪ್ರೊಫೆಸರ್‌ಗಿರಿ ಇಲ್ಲ. ತನ್ನ ಹತ್ತಿರ ಬರೋ ಮೂರೂವರೆ ಸಾವಿರ ಜನರ ಲೆಕ್ಕ ಇಟ್ಟ. 1947ರಿಂದ 1962ರ ತನಕ ಹದಿನಾರು ವರ್ಷ, 192 ಸರ್ಪಸುತ್ತು. ಯಾರಿಗೆ, ಯಾವ ವಯಸ್ಸಿಗೆ, ಎಲ್ಲಿ. ಶೆಟ್ಲೆಂಡಿನ ಯೆಲ್ ಅನ್ನೋ ನಡುಗಡ್ಡೆಗೂ ಹೋದ, ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು, ಯಾರಿಂದ ಯಾರಿಗೆ ಹತ್ತಿತು ಅಂತ ಹುಡುಕೋದು ಸುಲಭ ಅಂತ. 1965ರಲ್ಲಿ ಬರೆದ: ಸರ್ಪಸುತ್ತು ಹೊರಗಿಂದ ಬರೋದಲ್ಲ, ಅವರವರ ಬಾಲ್ಯದ ಸೀತಾಳೆಯೇ ಎದ್ದು ಬರೋದು ಅಂತ.

— ಹಾಜರಿ ಪುಸ್ತಕ ಬರೆದು ವಿಜ್ಞಾನಿ ಆದ ಅನ್ನು. ನಾನೂ ಮೂವತ್ತು ವರ್ಷ ಬರೆದೆ; ಏನೂ ಕಂಡುಹಿಡಿಯಲಿಲ್ಲ.

— ಇನ್ನೊಂದು ಹೇಳ್ತೀನಿ, ಭಾಷೆಯ ಮೇಷ್ಟ್ರಿಗೂ ಖುಷಿಯಾಗೋದು. ಇದಕ್ಕೆ ನಮ್ಮ ಪುಸ್ತಕದಲ್ಲಿ ಇರೋ ಹೆಸರು ಹರ್ಪಿಸ್ ಜೋಸ್ಟರ್. ಗ್ರೀಕಿನಲ್ಲಿ ಹರ್ಪಿಸ್ ಅಂದ್ರೆ ಹರಿದಾಡೋದು. ಜೋಸ್ಟರ್ ಅಂದ್ರೆ ನಡುಪಟ್ಟಿ, ಸುತ್ತ ಕಟ್ಟೋದು. ಆ ಹರ್ಪಿಸ್ ಪದವೂ ನಮ್ಮ ಸಂಸ್ಕೃತದ ಸರ್ಪವೂ ಒಂದೇ ಬೇರಿನವು.

— ತಡಿ, ತಡಿ. ಸರ್ಪ, ಹರ್ಪಿಸ್. ಸಕಾರಕ್ಕೆ ಹಕಾರ! ಹಾಗಾದ್ರೆ ಸರ್ಪಸುತ್ತು ಅಂದ್ರೆ ಅಕ್ಷರಕ್ಕಕ್ಷರ ಹರ್ಪಿಸ್ ಜೋಸ್ಟರ್!

— ಹೌದು. ಯಾರೂ ಅನುವಾದ ಮಾಡಿದ್ದಲ್ಲ, ಅಲ್ಲೊಬ್ಬರು ಇಲ್ಲೊಬ್ಬರು ಅದೇ ಗುಳ್ಳೆಸಾಲು ನೋಡಿ ಅದೇ ಹೆಸರು ಇಟ್ಟದ್ದು. ಅರಬ್ಬರು ಬೆಂಕಿಯ ಪಟ್ಟಿ ಅಂತಾರೆ, ನಾರ್ವೆಯವರು ನರಕದ ಬೆಂಕಿ ಅಂತಾರೆ.

— ನಾರ್ವೆಯವರದ್ದೇ ಸರಿ. ಆದ್ರೆ ತಲೆ, ಬಾಲ ಕೂಡಿದ್ರೆ ಮನುಷ್ಯ ಉಳಿಯಲ್ಲ ಅಂತಾರಲ್ಲ, ಅದು?

— ಕೂಡೋದೇ ಇಲ್ಲ ಮೇಷ್ಟ್ರೇ. ಒಂದೊಂದು ನರದ ಸರಹದ್ದು ಮೈಯ ನಡುಗೆರೆಗೆ ಮುಗಿಯುತ್ತೆ. ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೆ. ನಿಮ್ಮ ಹಣೆ ನೋಡಿ, ಕಲೆ ಹೆಂಗೆ ನಡುವಿಗೆ ಸರಿಯಾಗಿ ನಿಂತಿದೆ, ಸರ್ವೆಯವರು ಚೈನು ಹಿಡಿದು ಬಾಂದು ಕಲ್ಲು ನೆಟ್ಟ ಹಾಗೆ. ಎರಡೂ ಕಡೆ ಮೈತುಂಬ ಹರಡಿದ್ರೆ ಅದು ಮೈಯ ಶಕ್ತಿ ತೀರಾ ಕುಸಿದವರಿಗೆ, ಅವರನ್ನ ಆಸ್ಪತ್ರೆಗೇ ಸೇರಿಸಬೇಕು. ಅದನ್ನ ಕಂಡ ಯಾರೋ ಹಳಬರು ಆ ಮಾತು ಹುಟ್ಟಿಸಿರಬಹುದು. ಆದ್ರೆ ಅದರಿಂದ ಆಗಿರೋ ತೊಂದರೆ ಏನು ಗೊತ್ತಾ? ತಲೆ, ಬಾಲ ಕೂಡದ ಹಾಗೆ ಬರೆಸೋದೇ ದೊಡ್ಡ ಕೆಲಸ ಆಗಿ, ಬರೆಸಿದ ಮೇಲೆ ಗೆದ್ದೆವು ಅಂತ ಜನ ಮಲಗಿಬಿಡ್ತಾರೆ.

— ಅವನು ಬರೆದ ನೂರಕ್ಕೆ ತೊಂಬತ್ತು ಜನಕ್ಕೆ ವಾಸಿ ಆಗಿದೆಯಲ್ಲಮ್ಮ. ಅದನ್ನೂ ಹೇಳಬೇಕು.

— ಆಗಿರುತ್ತೆ. ಬರೆಯದಿದ್ರೂ ಆಗುತ್ತೆ. ಗುಳ್ಳೆ ಒಡೆದು, ಹಕ್ಕಳೆ ಕಟ್ಟಿ, ಉದುರೋಕೆ ಎರಡರಿಂದ ನಾಲ್ಕು ವಾರ, ಅಷ್ಟೇ. ಚರ್ಮ ತಾನಾಗಿ ವಾಸಿ ಆಗೋ ಕಾಯಿಲೆಗೆ ಯಾರು ಏನು ಹಚ್ಚಿದ್ರೂ ಹೆಸರು ಅವರಿಗೇ. ಕೆಮ್ಮಣ್ಣಿನ ಮೇಲೆ ನನಗೇನೂ ಸಿಟ್ಟಿಲ್ಲ, ಕಣ್ಣಿಗೆ ಹೋಗದಿದ್ರೆ, ಕೀವಾಗದಿದ್ರೆ ಸಾಕು. ನನಗೆ ಸಿಟ್ಟು ಇರೋದು ಗಡಿಯಾರದ ಮೇಲೆ. ಗುಳ್ಳೆ ಕಂಡ ಹೊತ್ತಿನಿಂದ 72 ಗಂಟೆ. ಅಷ್ಟರೊಳಗೆ ಮಾತ್ರೆ ಬಿದ್ರೆ ವೈರಸ್ಸು ಹೆಚ್ಚಿಕೊಳ್ಳೋದನ್ನ ತಡೀಬಹುದು. ನಮ್ಮ ಕಡೆ ಆ ಮೂರು ದಿನ ಹೋಗೋದೇ ಬರೆಸೋಕೆ. ಒಂದು ಸಲ ಬರೆಸಿದ್ರೆ ಸಾಲದು, ಮೂರು ದಿನ ಬರಬೇಕು ಅಂತಾರಲ್ಲ?

— ಮೂರು ದಿನ. ಲೆಕ್ಕ ಹಾಕಿ ಮಾಡಿದ ಹಾಗಿದೆ. ನನಗೂ ಅದೇ ಅಸೈಕ್ಲೋವಿರ್ ಕೊಟ್ಟರು, ಏಳನೇ ದಿನ.

— ಮುಖದ್ದು, ಕಣ್ಣಿಂದು ಆದ್ರೆ ತಡವಾಗಿ ಬಂದ್ರೂ ಕೊಡ್ತೀವಿ, ಬಿಡಲ್ಲ. 800 ಮಿಲಿಗ್ರಾಮು, ದಿನಕ್ಕೆ ಐದು ಸಲ. ಕಿಡ್ನಿ ಸರಿ ಇಲ್ಲದವರಿಗೆ ಕಮ್ಮಿ ಮಾಡಬೇಕು, ಇಲ್ಲದಿದ್ರೆ ತಲೆ ಕೆಟ್ಟು ಬಡಬಡಿಸ್ತಾರೆ. ಅದಕ್ಕೇ ಯಾರದ್ದೋ ಚೀಟಿ ತಗೊಂಡು ತಾವೇ ನುಂಗಬಾರದು. ಬಹಳ ಜಾಣ ಔಷಧಿ ಅದು. ಸುಮ್ಮನಿರೋ ಪುಡಿಯ ಹಾಗೆ ಒಳಗೆ ಹೋಗುತ್ತೆ. ವೈರಸ್ಸಿನ ಹತ್ತಿರ ಒಂದು ಕಿಣ್ವ ಇರುತ್ತಲ್ಲ, ಆ ಕಿಣ್ವವೇ ಇದನ್ನ ಎಬ್ಬಿಸಬೇಕು. ಎದ್ದದ್ದೇ ವೈರಸ್ಸಿನ ನಕಲು ತೆಗೆಯೋ ಕೆಲಸಕ್ಕೆ ಅಡ್ಡ ಕೂರುತ್ತೆ.

— ಕಳ್ಳನ ಕೈಯಿಂದಲೇ ಕಳ್ಳನ ಮನೆಗೆ ಬೀಗ.

— ಅದನ್ನ ರೂಪಿಸಿದ ತಂಡದ ಹಿಂದೆ ಇದ್ದವರು ಗರ್ಟ್ರೂಡ್ ಎಲಿಯನ್. 1988ರಲ್ಲಿ ನೊಬೆಲ್ ಬಂತು. ಪಿಎಚ್.ಡಿ. ಮುಗಿಸೋಕೆ ಆಗಿರಲಿಲ್ಲ ಅವರಿಗೆ.

— ಈ ಮಾತನ್ನ ಹತ್ತು ವರ್ಷ ಮೊದಲು ಹೇಳಿದ್ರೆ ಸ್ಟಾಫ್ ರೂಮಿನಲ್ಲಿ ಉಪಯೋಗಕ್ಕೆ ಬರ್ತಿತ್ತು. ಸರಿ, ವೈರಸ್ಸಿಗೆ ಮಾತ್ರೆ ಆಯ್ತು. ಆದ್ರೆ ಕಣ್ಣಿಗೆ ಸ್ಟೀರಾಯ್ಡ್ ಡ್ರಾಪ್ಸ್ ಯಾಕೆ ಹಾಕಿಸಿದ್ರು? ನೀನೀಗ ತಾನೇ ಸ್ಟೀರಾಯ್ಡ್ ತಗೊಂಡ್ರೆ ಕಾವಲುಗಾರ ಮಲಗ್ತಾನೆ ಅಂದೆ.

— ಅದೇ ಈ ಕಾಯಿಲೆಯ ತಿರುಳು ಮೇಷ್ಟ್ರೇ. ಮೆಕ್ಕೆಜೋಳದ ಹೊಲಕ್ಕೆ ರಾತ್ರಿ ಹಂದಿ ನುಗ್ಗುತ್ತೆ. ನಾವು ಇಪ್ಪತ್ತು ಜನ ಟಾರ್ಚು, ದೊಣ್ಣೆ, ನಾಯಿ ಎಲ್ಲ ತಗೊಂಡು ನುಗ್ತೀವಿ. ಬೆಳಗ್ಗೆ ನೋಡಿದ್ರೆ ಹಂದಿ ತಿಂದದ್ದು ನಾಲ್ಕು ಸಾಲು, ನಾವು ತುಳಿದದ್ದು ಹದಿನಾಲ್ಕು. ಕಣ್ಣಿನಲ್ಲಿ ಆಗೋದು ಅದೇ. ಕರಿಗುಡ್ಡೆಯ ಮುಂದಿನ ಪೊರೆ ಕಾರ್ನಿಯಾ ಗಾಜಿನ ಹಾಗೆ ತಿಳಿಯಾಗಿರೋದು ಯಾಕೆ, ಅಲ್ಲಿ ರಕ್ತನಾಳ ಇಲ್ಲದೆ ಇರೋದಕ್ಕೆ. ಮೈಯ ಸೈನ್ಯ ಅಲ್ಲಿಗೆ ನುಗ್ಗಿ ಜಗಳ ಆಡಿದ್ರೆ ಗಾಜಿಗೆ ಗೀರು ಬೀಳುತ್ತೆ, ಮಂಜು ಕಟ್ಟುತ್ತೆ. ಒಳಗಿನ ಬಣ್ಣದ ಪರದೆ ಊದಿಕೊಂಡು ಹಿಂದಿನ ಮಸೂರಕ್ಕೆ ಅಂಟಿಕೊಳ್ಳುತ್ತೆ. ಸ್ಟೀರಾಯ್ಡ್ ಡ್ರಾಪ್ಸ್ ಅಂದ್ರೆ ನಮ್ಮವರಿಗೇ ‘ಮೆತ್ತಗೆ ನಡೀರಪ್ಪ’ ಅನ್ನೋದು. ಆದ್ರೆ ಆಗ ಹಂದಿಯನ್ನ ಬೇರೆ ಯಾರಾದ್ರೂ ಕಟ್ಟಿಹಾಕಿರಬೇಕು. ಮಾತ್ರೆ ಅದಕ್ಕೆ. ಡಾಕ್ಟರನ್ನ ಕೇಳದೆ ಮೆಡಿಕಲ್ ಶಾಪಿನಿಂದ ಕೆಂಗಣ್ಣಿಗೆ ಅಂತ ಸ್ಟೀರಾಯ್ಡ್ ಡ್ರಾಪ್ಸ್ ತಂದು ಹಾಕ್ಕೊಳ್ಳೋರಿದ್ದಾರಲ್ಲ, ಅವರ ಕಣ್ಣು ನೋಡಿದ್ರೆ ನನಗೆ ರಾತ್ರಿ ನಿದ್ದೆ ಬರಲ್ಲ.

— ಅಲ್ಲೊಂದು ಪರೀಕ್ಷೆ ಮಾಡಿದ್ರು, ಮರೆಯೋಕಾಗಲ್ಲ. ಹತ್ತಿಯ ತುದಿಯನ್ನ ಎಳೆಯಾಗಿ ಹೊಸೆದು, ಪಕ್ಕದಿಂದ ತಂದು ಬಲಗಣ್ಣಿನ ಕರಿಗುಡ್ಡೆಗೆ ಸೋಕಿಸಿದ್ರು. ಹಾರಿಬಿದ್ದೆ. ಎಡಗಣ್ಣಿಗೆ ಯಾವಾಗ ಸೋಕಿಸ್ತಾರೆ ಅಂತ ಕಾಯ್ತಾ ಕೂತಿದ್ದೆ. ‘ಆಯ್ತು ಸಾರ್’ ಅಂದ್ರು. ಸೋಕಿಸಿದ್ದೇ ಗೊತ್ತಾಗಿರಲಿಲ್ಲ. ರೆಪ್ಪೆ ಹೊಡೆದಿರಲಿಲ್ಲ.

— ಈಗಲೂ ಹಾಗೇನಾ?

— ಹಾಗೇ. ಹುಬ್ಬಿಗೆ ಗಾಳಿ ತಾಗಿದ್ರೂ ತಡೆಯಲ್ಲ, ಅದರ ಒಂದಂಗುಲ ಕೆಳಗೆ ಮುಳ್ಳು ಆಡಿಸಿದ್ರೂ ತಿಳಿಯಲ್ಲ. ಒಂದೇ ನರ ಅಂತೀಯ!

— ಒಂದೇ ನರ. ಒಂದು ಕವಲು ಸತ್ತಿದೆ, ಇನ್ನೊಂದು ಗಾಯವಾಗಿ ಸುಮ್ಮಸುಮ್ಮನೆ ಕಿರುಚುತ್ತಾ ಇದೆ. ಮೂರು ತಿಂಗಳು ದಾಟಿದ ಮೇಲೂ ಉಳಿಯೋ ಈ ನೋವಿಗೆ ನಾವು ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಅಂತೀವಿ. ನಿಮಗೆ ಕೊಟ್ಟಿರೋದು ಪ್ರಿಗಾಬಲಿನ್ ತಾನೆ?

— ಅದೇ. ನುಂಗಿದ್ರೆ ತಲೆ ತೂಗುತ್ತೆ, ದಾಸೋಹದ ಊಟ ಮಾಡಿದ ಹಾಗೆ.

— ರಾತ್ರಿಯದ್ದು ಬಿಡಬೇಡಿ, ಆದ್ರೆ ಕತ್ತಲಲ್ಲಿ ಎದ್ದು ಹಿತ್ತಿಲಿಗೆ ಹೋಗುವಾಗ ಗೋಡೆ ಹಿಡ್ಕೊಳ್ಳಿ. ಬೇರೆ ಜಾಗದ ನೋವಿಗೆ ಮೆಣಸಿನಕಾಯಿ ಖಾರದಿಂದ ಮಾಡಿದ ಮುಲಾಮೂ ಇದೆ. ಹಣೆಗೆ ಬೇಡ, ಕಣ್ಣು ಹತ್ತಿರ.

— ಬ್ಯಾಡಗಿ ಮೆಣಸಿನಕಾಯಿಯಾ?

— ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಮ್ಮಿ ಮೇಷ್ಟ್ರೇ, ಈ ನೋವು ಅದಕ್ಕೆ ಬಗ್ಗಲ್ಲ. ಅದಿರಲಿ, ನನಗೆ ಉರಿಯೋ ಹುಬ್ಬಿಗಿಂತ ಉರಿಯದ ಕಣ್ಣಿನ ಚಿಂತೆ. ಧೂಳು ಬಿದ್ರೆ ನಿಮಗೆ ತಿಳಿಯಲ್ಲ, ರೆಪ್ಪೆ ಹೊಡೆಯಲ್ಲ, ನೀರು ಬರಲ್ಲ, ಅಲ್ಲೇ ಹುಣ್ಣಾಗುತ್ತೆ. ದಿನಾ ಬೆಳಗ್ಗೆ ಕನ್ನಡಿಯಲ್ಲಿ ನೋಡ್ಕೊಳ್ಳಿ. ಮೆಕ್ಕೆಜೋಳದ ರಾಶಿ ಹತ್ತಿರ ಕನ್ನಡಕ ಇಲ್ಲದೆ ಹೋಗಲೇಬಾರದು. ನೋವಿಲ್ಲ ಅಂತ ಸುಮ್ಮನಿರಬೇಡಿ. ನೋವಿಲ್ಲದೆ ಕೆಂಪಾದ್ರೇ ಮೊದಲು ಬನ್ನಿ.

— ನಮ್ಮವ್ವನ ಪೊರೆ ತೆಗೆದವರು ದಾವಣಗೆರೆಯ ಎಂ. ಸಿ. ಮೋದಿಯವರು, ಕ್ಯಾಂಪಿನಲ್ಲಿ. ಸಾಲಾಗಿ ಮಲಗಿಸಿದ್ರು, ಒಬ್ಬೊಬ್ಬರಿಗೆ ನಿಮಿಷದ ಲೆಕ್ಕ, ದಿನಕ್ಕೆ ನೂರಾರು ಜನ. ಅವ್ವ ಪಟ್ಟಿ ಬಿಚ್ಚಿದ ದಿನ ಮೊದಲು ನೋಡಿದ್ದು ನನ್ನ ಹರಿದ ಅಂಗಿ. ಕಣ್ಣಿನ ಕಾಯಿಲೆ ಅಂದ್ರೆ ನಮ್ಮ ಕಾಲದವರಿಗೆ ಅಷ್ಟೇ, ಪೊರೆ ಬರುತ್ತೆ, ಮೋದಿಯವರು ತೆಗೀತಾರೆ. ಹಣೆಯ ಗುಳ್ಳೆಯಿಂದ ಕಣ್ಣು ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು?

— ಕಣ್ಣಷ್ಟೇ ಆದ್ರೆ ಒಂದು ಮಾತು. ಕಿವಿಯ ಒಳಗೆ ಗುಳ್ಳೆ ಬಂದು ಬಾಯಿ ಸೊಟ್ಟಗಾಗುತ್ತೆ, ತಲೆ ಸುತ್ತುತ್ತೆ, ಕಿವಿ ಮಂದ ಆಗುತ್ತೆ. ನ್ಯೂಯಾರ್ಕಿನ ರಾಮ್ಸೆ ಹಂಟ್ 1907ರಲ್ಲಿ ಬರೆದದ್ದು. ಹೊಳಲ್ಕೆರೆ ಕಡೆಯ ಒಬ್ಬ ಹೆಂಗಸಿಗೆ ಗಾಳಿ ಹೊಡೆದಿದೆ ಅಂತ ಎರಡು ವಾರ ಮಸಾಜು ಮಾಡಿಸಿದ್ರು. ಕಿವಿಯೊಳಗೆ ಟಾರ್ಚು ಬಿಟ್ಟು ನೋಡಿದವರೇ ಇಲ್ಲ. ಮೊದಲು ನನ್ನ ಹತ್ತಿರ ಬಂದದ್ದು ರೆಪ್ಪೆ ಮುಚ್ಚೋಕಾಗಲ್ಲ ಅಂತ. ಇನ್ನು ಮುಖದ ನರದ ಬುಡದಿಂದ ವೈರಸ್ಸು ಮಿದುಳಿನ ರಕ್ತನಾಳಕ್ಕೂ ದಾಟಬಹುದು. ನಾಳದ ಗೋಡೆ ಊದಿಕೊಂಡು, ಗುಳ್ಳೆ ಮಾಯ್ದು ವಾರಗಳೋ ತಿಂಗಳುಗಳೋ ಆದ ಮೇಲೆ ಲಕ್ವ ಹೊಡೆಯುತ್ತೆ. ಆಗ ಯಾರಿಗೂ ಗುಳ್ಳೆಯ ನೆನಪೇ ಇರಲ್ಲ. ಮಿದುಳಿಗೇ ಉರಿಯೂತ ಆಗೋದೂ ಉಂಟು: ಜ್ವರ, ತಲೆನೋವು, ಮಾತು ತಪ್ಪೋದು, ಮನೆಯವರ ಗುರುತು ಸಿಗದೆ ಹೋಗೋದು. ಇದೆಲ್ಲ ಅಪರೂಪ, ನಿಮ್ಮನ್ನ ಹೆದರಿಸೋಕೆ ಹೇಳ್ತಿಲ್ಲ. ಆದ್ರೂ ಕೇಳ್ತೀನಿ, ಕೈಕಾಲು ಬಲ ಸರಿ ಇದೆಯಾ? ಮಾತು ತೊದಲಿತ್ತಾ ಯಾವಾಗಲಾದ್ರೂ?

— ನಮ್ಮವಳ ಮುಂದೆ ಮೂವತ್ತೆಂಟು ವರ್ಷದಿಂದ ತೊದಲುತ್ತಾ ಇದೀನಿ. ಬೇರೆ ಕಡೆ ಇಲ್ಲ. ಮೊಮ್ಮಗಳಿಗೆ ನನ್ನಿಂದ ಹತ್ತಿತಾ ಅಂತ ಒಂದು ಭಯ ಇತ್ತು.

— ಸರ್ಪಸುತ್ತು ಹತ್ತಲ್ಲ. ಗುಳ್ಳೆಯ ನೀರಿನಿಂದ ಸೀತಾಳೆ ಹತ್ತಬಹುದು, ಅದು ಆಗದೇ ಇರೋ ಮಕ್ಕಳಿಗೆ, ಗರ್ಭಿಣಿಯರಿಗೆ. ಹಕ್ಕಳೆ ಕಟ್ಟೋ ತನಕ ದೂರ ಇದ್ರೆ ಆಯ್ತು. ಮೊಮ್ಮಗಳಿಗೆ ಸೀತಾಳೆ ಲಸಿಕೆ ಹಾಕಿಸಿದೀರಾ?

— ಅಂಗನವಾಡಿಯಲ್ಲಿ ಎಲ್ಲ ಹಾಕಿದ್ದಾರೆ.

— ಇದನ್ನ ಹಾಕಿರಲ್ಲ. ಸರ್ಕಾರದ ಪಟ್ಟಿಯಲ್ಲಿ ಇಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. ಜಪಾನಿನ ತಕಾಹಾಶಿ 1974ರಲ್ಲೇ ಮಾಡಿದ ಲಸಿಕೆ. ದೊಡ್ಡವರ ಸರ್ಪಸುತ್ತಿಗೇ ಬೇರೆ ಒಂದಿದೆ, ಶಿಂಗ್ರಿಕ್ಸ್. ನಮ್ಮ ದೇಶಕ್ಕೆ 2023ರಲ್ಲಿ ಬಂತು. ಐವತ್ತು ದಾಟಿದವರಿಗೆ, ಎರಡು ಡೋಸು, ಎರಡರಿಂದ ಆರು ತಿಂಗಳ ಅಂತರ. ಚೆನ್ನಾಗಿ ತಡೆಯುತ್ತೆ. ಒಂದು ಸಲ ಬಂದವರೂ ಹಾಕಿಸ್ಕೋಬಹುದು, ಮತ್ತೆ ಬರಬಾರದು ಅಂತಿಲ್ಲವಲ್ಲ. ಆದ್ರೆ ಹತ್ತಿಪ್ಪತ್ತು ಸಾವಿರದ ಮಾತು.

— ಅಂದ್ರೆ ಸಿರಿಗೆರೆಯಲ್ಲಿ ಹಾಕಿಸ್ಕೊಳ್ಳೋರು ಪಿಂಚಣಿ ಬರೋ ನಾಲ್ಕು ಜನ ಮೇಷ್ಟ್ರು, ಅಡಿಕೆ ತೋಟ ಇರೋ ಎಂಟು ಜನ. ಈರುಳ್ಳಿ ಬೆಳೆದವನು ರೇಟು ಬಂದ ವರ್ಷ ಯೋಚನೆ ಮಾಡ್ತಾನೆ, ಅಷ್ಟೊತ್ತಿಗೆ ಮಗಳ ಮದುವೆ ಇರುತ್ತೆ.

— ಬೇರೆ ಕಡೆ ಸರ್ಕಾರವೇ ಹಾಕುತ್ತೆ. ವೇಲ್ಸ್‌ನಲ್ಲಿ 2013ರಲ್ಲಿ ಹಳೆಯ ಒಂದು ಲಸಿಕೆ ಶುರು ಮಾಡಿದಾಗ 1933ರ ಸೆಪ್ಟೆಂಬರ್ 2ಕ್ಕೆ ಗೆರೆ ಎಳೆದ್ರು, ಅವತ್ತು ಮತ್ತು ಆಮೇಲೆ ಹುಟ್ಟಿದವರಿಗೆ ಉಂಟು, ಹಿಂದಿನ ದಿನ ಹುಟ್ಟಿದವರಿಗೆ ಇಲ್ಲ. ಏಳು ವರ್ಷ ಆದ ಮೇಲೆ ಸಂಶೋಧಕರು ಗೆರೆಯ ಎರಡೂ ಕಡೆಯವರನ್ನ ಹೋಲಿಸಿದ್ರು. ಲಸಿಕೆ ಹಾಕಿಸ್ಕೊಂಡವರಲ್ಲಿ ಮರೆವಿನ ಕಾಯಿಲೆ ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು ಕಮ್ಮಿ ಇತ್ತು. 2025ರಲ್ಲಿ ಅಚ್ಚಾಯ್ತು. ಯಾಕೆ ಹಾಗೆ ಅನ್ನೋದು ಇನ್ನೂ ಇತ್ಯರ್ಥ ಆಗಿಲ್ಲ.

— ನಮ್ಮೂರಲ್ಲಿ ಆ ಲೆಕ್ಕ ತೆಗೆಯೋಕೇ ಆಗಲ್ಲ ಕಣಮ್ಮ. ಅರ್ಧ ಊರು ಹುಟ್ಟಿರೋದು ಜೂನ್ 1ಕ್ಕೆ. ಬರೆದವನು ನಾನೇ.

— ನನ್ನದೂ ಜೂನ್ 1.

— ಗೊತ್ತು. ನಿಮ್ಮಪ್ಪ ‘ಶೇಂಗಾ ಕೀಳೋ ಕಾಲಕ್ಕೆ ಹುಟ್ಟಿದ್ದು, ನೀವೇ ಏನಾದ್ರೂ ಬರ್ಕೊಳ್ಳಿ’ ಅಂದ.

— ಇರಲಿ, ಎಲ್ಲಿಗೆ ನಿಲ್ಲಿಸಿದ್ದೆ... ಹಾಂ, 72 ಗಂಟೆ. ಹೋದ ತಿಂಗಳು ಒಂದು ಆಶ್ಚರ್ಯ ಆಯ್ತು. ಭರಮಸಾಗರದ ಕಡೆಯ ಒಬ್ಬ, ಐವತ್ತೈದು ವಯಸ್ಸಿರಬಹುದು, ಟಮೋಟೊ ಸಾಗಿಸೋ ಗಾಡಿ ಓಡಿಸ್ತಾನೆ. ಹಣೆ ತುಂಬ ಕೆಮ್ಮಣ್ಣು ಬರೆಸ್ಕೊಂಡು ಬಂದು ಕೂತ. ಮೂಗಿನ ತುದಿಗೆ ಒಂದು ಗುಳ್ಳೆ. ಕೆಮ್ಮಣ್ಣು ಕಂಡ ತಕ್ಷಣ ನನಗೆ ನೆತ್ತಿಗೇರಿತು. ‘ಎಲ್ಲ ಮುಗಿದ ಮೇಲೆ ಬರ್ತೀರಾ’ ಅಂತ ಚೆನ್ನಾಗಿ ಬೈದೆ. ಆಮೇಲೆ ಕೇಳಿದ್ರೆ ಗುಳ್ಳೆ ಬಂದದ್ದು ಹಿಂದಿನ ದಿನ ಸಂಜೆ. ಬರೆಸ್ಕೊಂಡೋರು ಎರಡನೇ ದಿನ ನನ್ನ ಹತ್ತಿರ ಬಂದದ್ದು ಅದೇ ಮೊದಲು. ಕೆಮ್ಮಣ್ಣಿನ ಗೆರೆಯೂ ನೀಟಾಗಿತ್ತು, ಹುಬ್ಬಿಗೆ ನಿಂತಿತ್ತು, ರೆಪ್ಪೆಗೆ ಒಂದು ಹನಿ ಇಳಿದಿರಲಿಲ್ಲ.

— ಬಲಗಡೆಗಾ?

— ಬಲಗಡೆ. ನಿಮಗೆ ಹೆಂಗೆ ಗೊತ್ತು?

— ನೀಲಿ ಟವೆಲ್ಲು ಸುತ್ತಿಕೊಂಡು ಬಂದಿದ್ನಾ?

— ಮೇಷ್ಟ್ರೇ...

— ನನಗೆ ಕಣ್ಣು ಸ್ವಲ್ಪ ತಿಳಿಯಾದ ಮೇಲೆ, ಯುಗಾದಿ ಕಳೆದು, ಆ ಬರೆಯೋನ ಮನೆಗೆ ಹೋಗಿದ್ದೆ. ಜಗಳಕ್ಕಲ್ಲ. ಅವನು ಮೋಸಗಾರ ಅಲ್ಲ, ಅವನಪ್ಪ ಮಾಡ್ತಿದ್ದ, ಇವನು ಮಾಡ್ತಾನೆ. ಎದುರಿಗೆ ಕೂತು ಕಣ್ಣು ತೋರಿಸಿದೆ. ‘ನೋಡು, ನೀನು ಬರೆದದ್ದು ವಾಸಿ ಆಗಿದೆ, ಬರೆಯೋಕೆ ಆಗದ ಜಾಗದಲ್ಲಿ ಹಿಂಗಾಗಿದೆ’ ಅಂದೆ. ಬಹಳ ಹೊತ್ತು ನೋಡಿದ. ಬೆರಳು ಆಡಿಸಿ ಎಷ್ಟು ಅಂತ ಕೇಳಿದ, ನಾನು ತಪ್ಪು ಹೇಳಿದೆ. ಅವತ್ತು ಏನೂ ಮಾತಾಡಲಿಲ್ಲ, ಎಲೆ ಅಡಿಕೆಯನ್ನೂ ವಾಪಸ್ಸು ಕೊಟ್ಟ. ಮೂಗಿನ ತುದಿಯ ವಿಷಯ ನನಗೆ ಆಸ್ಪತ್ರೆಯಲ್ಲೇ ಹೇಳಿದ್ರಲ್ಲ, ಅದನ್ನ ಅವನಿಗೆ ಹೇಳಿ ಬಂದಿದ್ದೆ.

— ಆಮೇಲೆ?

— ಹೋದ ತಿಂಗಳು ಫೋನು. ‘ಮೇಷ್ಟ್ರೇ, ಒಬ್ಬ ಬಂದವ್ನೆ, ಮೂಗಿನ ತುದೀಗ್ ಐತೆ. ನಿಮ್ಮ ಸ್ಟೂಡೆಂಟು ಅಂತಿದ್ರಲ್ಲ, ಯಾವ ಆಸ್ಪತ್ರೆ?’ ಅಂದ. ವಿಳಾಸ ಹೇಳಿ, ‘ಮತ್ತೆ ನೀನು ಬರೆಯೋಕೆ ಹೋಗಬೇಡ, ಹಂಗೇ ಕಳಿಸು’ ಅಂದೆ. ಅದಕ್ಕವನು, ‘ಬರೀದೆ ಕಳಿಸಿದ್ರೆ ಇನ್ನೊಬ್ಬನ ತಾವ ಬರೆಸೋಕೆ ಹೋಯ್ತಾನೆ ಮೇಷ್ಟ್ರೇ. ಬರೆದು, ಇದರ ಬಾಲ ದಾವಣಗೆರೇಲಿ ಐತೆ, ಹೊತ್ತು ಮುಳುಗೋದ್ರೊಳಗೆ ಹೋಗು ಅಂದ್ರೆ ಹೋಯ್ತಾನೆ’ ಅಂದ.

— ಬಾಲ ದಾವಣಗೆರೇಲಿ!

— ಹಂಗಂದ.

— ನಾನು ಆ ಮನುಷ್ಯನಿಗೆ ಎಷ್ಟು ಬೈದೆ ಗೊತ್ತಾ ಮೇಷ್ಟ್ರೇ. ಓ.ಪಿ.ಡಿ.ಯಲ್ಲಿ ಎಲ್ಲರ ಮುಂದೆ.

— ಕಣ್ಣು?

— ಉಳೀತು. ಸ್ವಲ್ಪ ಕೆಂಪಾಗಿತ್ತು, ಅಷ್ಟಕ್ಕೇ ನಿಂತಿತು. ಹೋದ ವಾರ ಚೆಕಪ್ಪಿಗೆ ಬಂದಿದ್ದ, ಕೊನೆಯ ಸಾಲಿನ ತನಕ ಓದಿದ. ನನಗೆ ಒಂದು ಬುಟ್ಟಿ ಟಮೋಟೊ ತಂದಿದ್ದ, ತಗೊಳ್ಳೋಕೆ ಮುಖ ಇರಲಿಲ್ಲ.

— ತಗೊಂಡೆ ತಾನೆ?

— ತಗೊಂಡೆ. ಆ ಬರೆಯೋರ ನಂಬರು ಕೊಡ್ತೀರಾ?

— ಕೊಡ್ತೀನಿ. ಆದ್ರೆ ಬೆಳಗ್ಗೆ ಮಾಡು, ರಾತ್ರಿ ಅವನು ಫೋನ್ ಎತ್ತಲ್ಲ. ಗಂಟೆ ಎಷ್ಟಾಯ್ತು ನೋಡು... ಎಂಟಾ? ಆ ಗೂಡಿನಲ್ಲಿ ಡ್ರಾಪ್ಸ್ ಬಾಟ್ಲು ಇದೆ, ಬಿಳಿ ಮುಚ್ಚಳದ್ದು. ನೀನು ಇದೀಯಲ್ಲ, ನೀನೇ ಹಾಕು. ನಮ್ಮವಳು ಹಾಕಿದ್ರೆ ಅರ್ಧ ಕೆನ್ನೆಗೆ.

— ತಲೆ ಹಿಂದಕ್ಕೆ ಒರಗಿಸಿ. ಹುಬ್ಬು ಮುಟ್ಟಲ್ಲ, ಹೆದರಬೇಡಿ. ಮೇಲೆ ತೊಲೆ ನೋಡಿ.

— ತೊಲೆ ಮಂಜಿನಲ್ಲಿದೆ.

— ಅಲ್ಲಿಗೇ ನೋಡ್ತಾ ಇರಿ. ಹಾಂ. ಬಿತ್ತು.

— ಬಿತ್ತಾ? ಗೊತ್ತೇ ಆಗಲಿಲ್ಲ.